ಚೀಟಿಯ ಹಿಂಬದಿಯ ಉತ್ತರ



ಇಂಗ್ಲಿಷಿನಲ್ಲಿ ‘ಟ್ರಿವಿಯಾ’ ಎಂಬ ಒಂದು ಮಾತಿದೆ. ಅಲ್ಲೊಂದು ಇಲ್ಲೊಂದು ಹೆಕ್ಕಿದ, ಒಂದಕ್ಕೊಂದು ನಂಟಿಲ್ಲದ ಚಿಲ್ಲರೆ ಸಂಗತಿಗಳಿಗೆ ಆ ಹೆಸರು. ಅದರ ಬೇರು ಲ್ಯಾಟಿನ್ನಿನ ‘ಟ್ರಿವಿಯಮ್’. ಮೂರು ದಾರಿಗಳು ಕೂಡುವ ಸ್ಥಳ ಎಂದು ಅರ್ಥ. ದಾರಿ ಕೂಡಿದಲ್ಲಿ ಜನ ಕೂಡುತ್ತಾರೆ, ಜನ ಕೂಡಿದಲ್ಲಿ ಮಾತು ಹುಟ್ಟುತ್ತದೆ. ಹಾಗೆ ಹುಟ್ಟಿದ ಬೀದಿಯ ಮಾತಿಗೆ ಹೆಚ್ಚು ಬೆಲೆ ಯಾರು ಕೊಟ್ಟಾರು? ಆದರೆ ಅದೇ ಟ್ರಿವಿಯಮ್ ಎಂಬ ಹೆಸರನ್ನು ಯೂರೋಪಿನ ಮಧ್ಯಯುಗದ ಪಂಡಿತರು ವ್ಯಾಕರಣ, ತರ್ಕ, ಅಲಂಕಾರ ಎಂಬ ಮೂರು ಮೊದಲ ವಿದ್ಯೆಗಳಿಗೂ ಇಟ್ಟಿದ್ದರು. ಸಂತೆಯ ಹರಟೆ, ವಿದ್ಯೆಯ ಹೊಸ್ತಿಲು ಎರಡೂ ಒಂದೇ ಪದದ ಹೊಟ್ಟೆಯಲ್ಲಿವೆ. ನಾನು ಇಂದು ಆಡಬೇಕೆಂದಿರುವ ಮಾತು ಈ ಎರಡರ ನಡುವಿನ ಜಾಗದ್ದು.

ಇಂಥ ಸಂಗತಿಗಳನ್ನು ಪ್ರಶ್ನೆಯ ರೂಪದಲ್ಲಿ ಕೇಳಿ ಉತ್ತರ ಹೇಳಿಸುವ ಆಟಕ್ಕೆ ಇಂಗ್ಲಿಷರು ‘ಕ್ವಿಜ್’ ಎಂದರು; ನಾವು ‘ರಸಪ್ರಶ್ನೆ’ ಎಂದೆವು. ನಮ್ಮ ಮಾತೇ ಮೇಲು ಎಂದು ನನ್ನ ಅಭಿಪ್ರಾಯ. ಪ್ರಶ್ನೆಗೆ ರಸವನ್ನು ಜೋಡಿಸಿದ ಆ ಅಜ್ಞಾತ ಪದಶಿಲ್ಪಿ ಯಾರೇ ಇರಲಿ, ಕನ್ನಡದ ಮರ್ಮ ಬಲ್ಲವರು. ಕ್ವಿಜ್ ಎಂಬ ಪದ ಹುಟ್ಟಿದ ಬಗೆಗೆ ಒಂದು ಸ್ವಾರಸ್ಯದ ಕಥೆಯನ್ನು ರಸಪ್ರಶ್ನೆಯ ಪುಸ್ತಕಗಳೇ ಹೇಳುತ್ತವೆ. 1791ರಲ್ಲಿ ಡಬ್ಲಿನ್ ನಗರದ ಡೇಲಿ ಎಂಬ ನಾಟಕಶಾಲೆಯ ಯಜಮಾನ, ಅರ್ಥವೇ ಇಲ್ಲದ ಒಂದು ಪದವನ್ನು ಒಂದೇ ದಿನದಲ್ಲಿ ಊರಿನವರ ಬಾಯಲ್ಲೆಲ್ಲ ಆಡಿಸುತ್ತೇನೆಂದು ಪಂಥ ಕಟ್ಟಿ, ರಾತ್ರೋರಾತ್ರಿ ಊರಿನ ಗೋಡೆಗಳ ಮೇಲೆಲ್ಲ ಅದನ್ನು ಬರೆಯಿಸಿದನಂತೆ. ಕಥೆ ಸೊಗಸಾಗಿದೆ. ಆದರೆ ಫ್ಯಾನಿ ಬರ್ನಿ ಎಂಬ ಲೇಖಕಿ 1782ರಲ್ಲಿಯೇ ತನ್ನ ದಿನಚರಿಯಲ್ಲಿ ಆ ಪದವನ್ನು ಬಳಸಿದ್ದಾಳೆ. ಆಗ ಅದಕ್ಕೆ ವಿಚಿತ್ರ ಸ್ವಭಾವದ ಮನುಷ್ಯ ಎಂಬ ಅರ್ಥವಿತ್ತು. ಸರಿ ಉತ್ತರಗಳಿಗೆ ಅಂಕ ಕೊಡುವ ಆಟದ ಹೆಸರಿನ ಕಥೆಯೇ ತಪ್ಪು ಉತ್ತರ! ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಜೊತೆಗೆ, ನಗು ಬಾರದ ಇನ್ನೊಂದು ಪ್ರಸಂಗವೂ ನೆನಪಾಗುತ್ತದೆ.

1994ರ ಮಾತು. ನಾನು ಅಧ್ಯಾಪಕನಾಗಿದ್ದ ಕಾಲೇಜಿನಲ್ಲಿ ಅಂತರ ಕಾಲೇಜು ರಸಪ್ರಶ್ನೆ ಸ್ಪರ್ಧೆ ಏರ್ಪಾಟಾಗಿತ್ತು. ಕನ್ನಡ ಅಧ್ಯಾಪಕನಿಗೆ ಬಿಡುವು ಹೆಚ್ಚು ಎಂಬ ನಂಬಿಕೆ ಎಲ್ಲ ಕಾಲೇಜುಗಳಲ್ಲಿಯೂ ಇರುವುದರಿಂದ ಪ್ರಶ್ನೆ ಕೇಳುವ ಹೊಣೆ ನನಗೆ ಬಂತು. ಪೇಟೆಯಲ್ಲಿ ದೊರೆಯುವ ಸಾಮಾನ್ಯ ಜ್ಞಾನದ ಕೈಪಿಡಿಗಳಿಂದ ಪ್ರಶ್ನೆಗಳನ್ನು ಆಯ್ದು, ರಟ್ಟಿನ ಚೀಟಿಗಳ ಮೇಲೆ ಅಂದವಾಗಿ ಬರೆದು, ಚೀಟಿಯ ಹಿಂಬದಿಯಲ್ಲಿ ಉತ್ತರ ಬರೆದಿಟ್ಟುಕೊಂಡೆ. ಕೊನೆಯ ಸುತ್ತಿಗೆ ಬಂದಾಗ ಎರಡು ತಂಡಗಳು ಸರಿಸಮನಾಗಿದ್ದವು. ನಾನು ಚೀಟಿ ತೆಗೆದು ಓದಿದೆ: “ಬಿಜಾಪುರದ ಗೋಲಗುಮ್ಮಟದಲ್ಲಿ ಒಂದು ಧ್ವನಿ ಎಷ್ಟು ಬಾರಿ ಪ್ರತಿಧ್ವನಿಸುತ್ತದೆ?” ಒಂದು ತಂಡದಲ್ಲಿ ಆ ಸೀಮೆಯಿಂದಲೇ ಬಂದಿದ್ದ ಒಬ್ಬ ಹುಡುಗನಿದ್ದ. ಪ್ರಶ್ನೆ ಮುಗಿಯುವ ಮುನ್ನವೇ ಎದ್ದು ನಿಂತು, “ಹತ್ತು ಸಲಾರೀ ಸರ್” ಎಂದ. ನಾನು ಚೀಟಿ ತಿರುಗಿಸಿ ನೋಡಿದೆ. “ತಪ್ಪು, ಏಳು ಬಾರಿ” ಎಂದೆ. “ಇಲ್ಲರೀ ಸರ್, ನಮ್ಮ ಮನಿ ಗುಮ್ಮಟದ ಬಾಜೂಕ ಐತ್ರೀ. ನಾವ ಎಣಿಸೇವ್ರೀ” ಎಂದ. ಸಭೆಯಲ್ಲಿ ನಗೆ ಎದ್ದಿತು. ನಾನೂ ನಕ್ಕು, “ಚೀಟಿಯಲ್ಲಿ ಏಳು ಎಂದಿದೆಯಪ್ಪಾ, ಏನು ಮಾಡಲಿ?” ಎಂದುಬಿಟ್ಟೆ. ಹುಡುಗ ಮತ್ತೆ ಮಾತಾಡಲಿಲ್ಲ, ಕುಳಿತುಕೊಂಡ. ಅವನ ತಂಡ ಸೋತಿತು.

ಆ ರಾತ್ರಿಯೇ ನನ್ನ ಮನಸ್ಸು ಕಸಿವಿಸಿಗೊಂಡಿತು. ನಾನು ಅದುವರೆಗೆ ಗೋಲಗುಮ್ಮಟದ ಒಳಗೆ ಕಾಲಿಟ್ಟವನಲ್ಲ. ಹುಡುಗ ಕಿವಿಯಿಂದ ಕೇಳಿ ಎಣಿಸಿದವನು. ನಾನು ಯಾರೋ ಬರೆದದ್ದನ್ನು ಓದಿ ಬರೆದುಕೊಂಡವನು. ಮರುದಿನ ಗ್ರಂಥಾಲಯದಲ್ಲಿ ಹುಡುಕಿದರೆ ಒಂದು ಪುಸ್ತಕ ಏಳು ಎನ್ನುತ್ತಿತ್ತು, ಇನ್ನೊಂದು ಹತ್ತು, ಮತ್ತೊಂದು ಹನ್ನೊಂದು. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಹರಿದ ಲಕೋಟೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಗೋಡೆಯ ಬಳಿ ನಿಂತು ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಬಡಿದು ಹಿಂದಿರುಗಬೇಕಾದರೆ 76 ಮೀಟರ್ ಸಾಗಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಅಂದರೆ ಒಂದು ಸೆಕೆಂಡನ್ನು ಐದು ಭಾಗ ಮಾಡಿದರೆ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ. ಎರಡು ಸದ್ದುಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೆ ಸಾಕು, ನಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಆದ್ದರಿಂದ ಒಂದೊಂದು ಮರುದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಒಂದಕ್ಕಿಂತ ಒಂದು ಮೆಲ್ಲಗಾಗುತ್ತ ಹೋಗುತ್ತದೆ. ಎಷ್ಟನೆಯದರವರೆಗೆ ಕೇಳಿಸುತ್ತದೆ ಎಂಬುದು ನೀವು ಎಷ್ಟು ಗಟ್ಟಿಯಾಗಿ ತಟ್ಟಿದಿರಿ, ಕಟ್ಟಡದೊಳಗೆ ಎಷ್ಟು ಜನರ ಗದ್ದಲವಿದೆ, ನಿಮ್ಮ ಕಿವಿಗೆ ವಯಸ್ಸೆಷ್ಟು ಎಂಬುದನ್ನು ಅವಲಂಬಿಸಿದೆ. ಏಳೂ ಸರಿ, ಹತ್ತೂ ಸರಿ. ತಪ್ಪಾಗಿದ್ದುದು ನನ್ನ ಪ್ರಶ್ನೆ.

ಗೋಲಗುಮ್ಮಟದ ಮಾತು ಬಂದಿರುವುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪ್ರಪಂಚದ ಎರಡನೆಯ ಅತಿ ದೊಡ್ಡ ಗುಮ್ಮಟ ಯಾವುದು ಎಂಬ ಪ್ರಶ್ನೆಗೆ ಗೋಲಗುಮ್ಮಟ ಎಂಬ ಉತ್ತರವನ್ನು ನಾವೆಲ್ಲ ಬಾಲ್ಯದಲ್ಲಿ ಉರು ಹೊಡೆದವರೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಹೊರಗಿನಿಂದ ಅಳೆದರೆ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ಆದರೆ ಅದರ ಗೋಡೆಯೇ ಬುಡದಲ್ಲಿ ಹತ್ತಿರ ಹತ್ತಿರ 10 ಅಡಿ ದಪ್ಪ. ಒಳಗಿನಿಂದ ಅಳೆದರೆ ರೋಮಿನ ಪ್ಯಾಂಥಿಯನ್, ಅದೇ ನಗರದ ಸೇಂಟ್ ಪೀಟರ್ ದೇವಾಲಯ ಎರಡೂ ಇದಕ್ಕಿಂತ ಅಗಲ. ಇಪ್ಪತ್ತನೆಯ ಶತಮಾನದ ಉಕ್ಕಿನ ಗುಮ್ಮಟಗಳನ್ನು ಲೆಕ್ಕಕ್ಕೆ ಹಿಡಿದರಂತೂ ಈ ಎರಡನೆಯ ಸ್ಥಾನಕ್ಕೆ ಅರ್ಥವೇ ಇಲ್ಲ. ಹಾಗಾದರೆ ನಮ್ಮ ಹೆಮ್ಮೆಗೆ ಕುಂದು ಬಂತೆ? ಸ್ವಲ್ಪ ತಾಳಿ.

ಪ್ಯಾಂಥಿಯನ್ನಿನ ನೆಲ ದುಂಡಗಿದೆ. ವ್ಯಾಸ ಸುಮಾರು 142 ಅಡಿ, ಆವರಿಸಿದ ನೆಲ ಸುಮಾರು 15,800 ಚದರಡಿ. ಗೋಲಗುಮ್ಮಟದ ನೆಲ ಚೌಕ. ಒಂದೊಂದು ಬದಿ 135 ಅಡಿಗೆ ತುಸು ಹೆಚ್ಚು, ಆವರಿಸಿದ ನೆಲ 18,000 ಚದರಡಿಗೂ ಮೇಲು. ಗುಮ್ಮಟದ ಒಳವ್ಯಾಸವೋ 124 ಅಡಿ ಚಿಲ್ಲರೆ. ಚಿಕ್ಕ ಗುಮ್ಮಟ ದೊಡ್ಡ ಅಂಗಳಕ್ಕೆ ಹೊದಿಕೆಯಾದದ್ದು ಹೇಗೆ? 135 ಅಡಿಯ ಚೌಕದ ಮೇಲೆ 124 ಅಡಿಯ ಬೋಗುಣಿಯನ್ನು ಕವುಚಿದರೆ ಅದು ಒಳಗೆ ಬೀಳಬೇಕಲ್ಲವೆ? ಅದು ಬೀಳದಂತೆ ಆ ಕಾಲದ ಕುಶಲಿಗಳು ಮಾಡಿದ ಉಪಾಯವನ್ನು ನೀವು ದಿನವೂ ನಿಮ್ಮ ಮನೆಯ ಬಾಗಿಲಲ್ಲಿ ಕಂಡಿರುತ್ತೀರಿ. ರಂಗವಲ್ಲಿಯಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಬರೆದರೆ ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ನಡುವೆ ಒಂದು ಎಂಟು ಬದಿಯ ಆಕೃತಿ ಉಳಿಯುತ್ತದೆ. ಆ ರೇಖೆಗಳ ಜಾಗದಲ್ಲಿ ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳನ್ನು ಎಬ್ಬಿಸಿ, ಅವು ಸೇರುವೆಡೆಯಲ್ಲಿ ಒಳಮುಖವಾಗಿ ಚಾಚಿದ ಕಟ್ಟಡದ ಮೇಲೆ ಗುಮ್ಮಟವನ್ನು ಕೂರಿಸಿದರು. ಗುಮ್ಮಟ ತನ್ನ ಭಾರದಿಂದ ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಆ ಕಟ್ಟಡದ ಭಾರ ಒಳಕ್ಕೆ ಎಳೆಯುತ್ತದೆ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸಿ ಮೂರೂವರೆ ಶತಮಾನಗಳು ಸಂದಿವೆ. ಪ್ರತಿಧ್ವನಿ ಕೇಳಲು ಹತ್ತುವ ಆ ಮೊಗಸಾಲೆ ಇರುವುದೂ ಈ ಚಾಚಿನ ಮೇಲೆಯೇ, ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ. ‘ಎರಡನೆಯದು’ ಎಂಬ ಒಂದು ಪದದ ಉತ್ತರದ ಕೆಳಗೆ ಇಷ್ಟೆಲ್ಲ ಹುದುಗಿ ಕುಳಿತಿತ್ತು. ನಾವು ಅಂಕ ಪಡೆದು ಮುಂದಿನ ಚೀಟಿಗೆ ಹೋಗುತ್ತಿದ್ದೆವು.

ಇನ್ನು ನನ್ನ ಸ್ವಂತ ಹೊಲಕ್ಕೆ ಬರುತ್ತೇನೆ. ಇಡ್ಲಿಯ ಉಲ್ಲೇಖ ಮೊದಲು ಬರುವುದು ಯಾವ ಕೃತಿಯಲ್ಲಿ? ಕನ್ನಡದ ‘ವಡ್ಡಾರಾಧನೆ’ಯಲ್ಲಿ ಎಂಬುದು ಕೈಪಿಡಿಗಳ ಉತ್ತರ. ಸಾಮಾನ್ಯವಾಗಿ ಹತ್ತನೆಯ ಶತಮಾನದ್ದೆಂದು ಎಣಿಸುವ ಆ ಗದ್ಯಕಾವ್ಯದಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬರುತ್ತದೆ, ನಿಜ. ಇದನ್ನು ಹೇಳುವಾಗ ನಾವು ಕನ್ನಡಿಗರು ಮೀಸೆ ತಿರುವುತ್ತೇವೆ, ಅದೂ ಸಹಜ. ಆದರೆ ಆ ಇಡ್ಡಲಿಗೆಯಲ್ಲಿ ಏನಿತ್ತು? ಹೆಸರಿನಿಂದ ಅದು ತಿಳಿಯದು. ಸುಮಾರು 1025ರಲ್ಲಿ ರಚಿತವಾದ ‘ಲೋಕೋಪಕಾರ’ವನ್ನು ತೆಗೆದರೆ ಮಾಡುವ ಕ್ರಮ ಸಿಕ್ಕುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸಬೇಕು. ಅಕ್ಕಿಯ ಮಾತೇ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ‘ಇಡ್ಡರಿಕಾ’ ಕೂಡ ಉದ್ದಿನದೇ. ನಾವು ಇಂದು ಬೆಳಗ್ಗೆ ತಿಂದ, ಅಕ್ಕಿ ಬೆರೆತ ಇಡ್ಲಿಗೂ ಇದಕ್ಕೂ ಇರುವ ನಂಟು ಹೆಸರಿನದು. ತಿನಿಸು ಒಳಗಿನಿಂದ ಬದಲಾಗಿಬಿಟ್ಟಿದೆ.

ಮೆಣಸಿನಕಾಯಿಯ ಕಥೆ ಇದರ ತಿರುವುಮುರುವು. ಅಲ್ಲಿ ಹೆಸರು ಹಳೆಯದು, ವಸ್ತು ಹೊಸದು. ಸೋಮೇಶ್ವರನ ಅಡುಗೆಮನೆಯಲ್ಲಿ ಖಾರಕ್ಕೆ ಇದ್ದುದು ಮೆಣಸು, ಅಂದರೆ ಬಳ್ಳಿಯಲ್ಲಿ ಬಿಡುವ ಕಾಳು. ಕೆಂಪು ಕಾಯಿ ಅಮೇರಿಕಾ ಖಂಡದ್ದು. 1492ರಲ್ಲಿ ಕೊಲಂಬಸನು ಆ ತೀರವನ್ನು ಮುಟ್ಟಿದ ಮೇಲೆ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿಯಿತು. ಬಂದ ಅತಿಥಿಗೆ ಕನ್ನಡಿಗ ಮನೆಯ ಯಜಮಾನನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದ. ಅತಿಥಿ ಎಷ್ಟು ಬೇಗ ಮನೆ ಹಿಡಿದನೆಂದರೆ, ಕೊನೆಗೆ ಯಜಮಾನನೇ ‘ಕರಿಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣ ಹೊತ್ತು ತಿರುಗಬೇಕಾಯಿತು! ಇಂದು ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ, 2011ರಿಂದ. ಅದು ಹೊರಗಿನಿಂದ ಬಂದದ್ದು ಎಂದರೆ ಹಾವೇರಿಯ ರೈತ ನಿಮ್ಮನ್ನು ಸಂಶಯದಿಂದ ನೋಡಿಯಾನು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಇಂಥ ಸಂಗತಿಗಳನ್ನೆಲ್ಲ ಒಟ್ಟುಗೂಡಿಸಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಪುಸ್ತಕವನ್ನೇ ಬರೆದರು. ಸಾಮಾನ್ಯ ಜ್ಞಾನ ಹೇಗೆ ಸಾಹಿತ್ಯವಾಗಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಅವರ ಕೈಗೆ ಇಡುವುದು ಅದನ್ನೇ.

ಲೋಕೋಪಕಾರದ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆಯ ಮಾತು. ಅದನ್ನು ಬರೆದವನು ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನೂ ಚಾವುಂಡರಾಯ. ಇಬ್ಬರೂ ಬೇರೆ, ಗೊಮ್ಮಟನ ಚಾವುಂಡರಾಯ ಗಂಗರ ಮಂತ್ರಿ, ಹತ್ತನೆಯ ಶತಮಾನದವನು. ಎಷ್ಟೋ ಕೈಪಿಡಿಗಳಲ್ಲಿ ಇವರಿಬ್ಬರೂ ಒಬ್ಬರಾಗಿದ್ದಾರೆ. ಎರಡನೆಯ ಚಾವುಂಡರಾಯನ ಪುಸ್ತಕದಲ್ಲಿ ಜ್ಯೋತಿಷ, ವಾಸ್ತು, ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ವೈದ್ಯ, ಅಡುಗೆ ಎಲ್ಲವೂ ಇವೆ. ಬೀದಿಯ ಮಾತನ್ನೂ ಬಾವಿಯ ನೀರನ್ನೂ ಗ್ರಂಥಕ್ಕೆ ಏರಿಸಲು ಅವನು ನಾಚಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು, ನಿರಂಜನರು ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನು ಸಂಪಾದಿಸಿದರು. ನಮ್ಮ ಮನೆಯಲ್ಲಿ ಜ್ಞಾನಗಂಗೋತ್ರಿಯ ಒಂದೇ ಸಂಪುಟವಿತ್ತು. ಉಳಿದವುಗಳಲ್ಲಿ ಏನಿದ್ದೀತು ಎಂದು ಊಹಿಸುತ್ತಲೇ ನನ್ನ ಹುಡುಗುತನ ಕಳೆಯಿತು. ದೂರದರ್ಶನ ಚಂದನದಲ್ಲಿ 2002ರಲ್ಲಿ ಮೊದಲಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಡಾಕ್ಟರ್ ನಾ. ಸೋಮೇಶ್ವರರು ಉತ್ತರ ಹೇಳಿದವರಿಗೆ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ ಬಂದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಉತ್ತರ ಹೇಳಿದವನ ಕೈಗೆ ಇನ್ನಷ್ಟು ಪ್ರಶ್ನೆಗಳನ್ನು ಕೊಟ್ಟು ಕಳಿಸಿದಂತೆ.

ಉತ್ತರಗಳಿಗೆ ಮುಪ್ಪು ಬರುತ್ತದೆ ಎಂಬುದನ್ನು ನನ್ನ ಪೀಳಿಗೆಯವರು ಕಣ್ಣಾರೆ ಕಂಡಿದ್ದೇವೆ. ನಾವು ಒಂಬತ್ತು ಗ್ರಹಗಳನ್ನು ಕಲಿತೆವು. 2006ರಲ್ಲಿ ಪ್ಲೂಟೋವನ್ನು ಪಂಕ್ತಿಯಿಂದ ಎಬ್ಬಿಸಿದರು. ಎವರೆಸ್ಟ್ ಶಿಖರದ ಎತ್ತರ 8,848 ಮೀಟರ್ ಎಂದು ಬರೆದು ಪಾಸಾದೆವು. 2020ರಲ್ಲಿ ನೇಪಾಳ, ಚೀನಾಗಳು ಕೂಡಿ ಅದನ್ನು 8,848.86 ಎಂದು ಸಾರಿದವು. ಇವು ದೂರದವು, ಹೋಗಲಿ. ಕನ್ನಡದ ಮೊದಲ ಶಾಸನ ಯಾವುದು? ಹಲ್ಮಿಡಿ, ಕ್ರಿಸ್ತಶಕ 450. ಮೂರು ದಶಕಗಳಿಗೂ ಮೀರಿ ನಾನು ತರಗತಿಯಲ್ಲಿ ಹೇಳಿದ ಉತ್ತರ ಇದು. ಆಮೇಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಪುರಾತತ್ತ್ವ ಇಲಾಖೆಯವರ ಉತ್ಖನನದಲ್ಲಿ, ಸಿಂಹದ ಕಟಾಂಜನದ ಮೇಲೆ ಒಂದು ಬರೆಹ ದೊರೆಯಿತು. ಅದರ ಕಾಲವನ್ನು 370 ಎಂದು ಇಲಾಖೆ ಗುರುತಿಸಿತು. ಹಾಗಾದರೆ ನಾನು ಮಾಡಿದ ಪಾಠವೆಲ್ಲ ಸುಳ್ಳಾಯಿತೆ ಎಂದು ಒಂದು ಕ್ಷಣ ಅನಿಸದಿರಲಿಲ್ಲ.

ಆದರೆ 450 ಎಂಬ ಸಂಖ್ಯೆಯನ್ನು ಹಲ್ಮಿಡಿಯ ಕಲ್ಲಿನ ಮೇಲೆ ಯಾರೂ ಕೆತ್ತಿಲ್ಲ. ಅದರಲ್ಲಿ ತೇದಿಯಿಲ್ಲ, ಕದಂಬರ ಕಕುಸ್ಥನ ಹೆಸರಿದೆ. ಆ ಹೆಸರಿನಿಂದಲೂ ಲಿಪಿಯ ರೂಪದಿಂದಲೂ ವಿದ್ವಾಂಸರು ಕಾಲವನ್ನು ಊಹಿಸಿದರು. ಇದನ್ನು ನಾನು ಹುಡುಗರಿಗೆ ಹೇಳಿದ್ದೆನೋ, ಅಥವಾ ಬರಿಯ ಸಂಖ್ಯೆಯನ್ನು ಕೊಟ್ಟಿದ್ದೆನೋ? ಕೆಲವು ವರ್ಷ ಹೇಳಿದೆ, ಪರೀಕ್ಷೆ ಹತ್ತಿರವಾದ ವರ್ಷಗಳಲ್ಲಿ ಬಿಟ್ಟೆ. ಹಲ್ಮಿಡಿಯ ಶಾಸನದಲ್ಲಿ ನನಗೆ ಪ್ರಿಯವಾದ ಸಂಗತಿ ಅದರ ವಯಸ್ಸಲ್ಲ. ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜಅರಸನೆಂಬವನಿಗೆ ಕತ್ತಿ ತೊಳೆಯುವ ಗೌರವವಾಗಿ, ‘ಬಾಳ್ಗಳ್ಚು’ ಎಂದು, ಊರುಗಳನ್ನು ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಅವುಗಳಲ್ಲಿ ಒಂದು ಊರಿನ ಹೆಸರು ‘ಪಲ್ಮಿಡಿ’. ಪಾಲು ಹಾಲಾಯಿತು, ಪೂ ಹೂವಾಯಿತು, ಪಲ್ಲು ಹಲ್ಲಾಯಿತು. ಅದೇ ದಾರಿಯಲ್ಲಿ ಪಲ್ಮಿಡಿ ಹಲ್ಮಿಡಿಯಾಯಿತು. ಬೇಲೂರು ತಾಲ್ಲೂಕಿನ ಆ ಸಣ್ಣ ಊರು ಇದ್ದಲ್ಲೇ ಕುಳಿತು, ಹದಿನೈದು ಶತಮಾನಗಳಲ್ಲಿ ತನ್ನ ಹೆಸರಿನ ಒಂದೇ ಒಂದು ಅಕ್ಷರವನ್ನು ಬದಲಿಸಿಕೊಂಡಿದೆ. ಅದನ್ನೂ ಇಡೀ ಕನ್ನಡ ನುಡಿಯ ಜೊತೆಯಲ್ಲಿ ಬದಲಿಸಿಕೊಂಡಿದೆ. ತಾಳಗುಂದಕ್ಕೆ ಎಷ್ಟು ವಯಸ್ಸಾದರೂ ಆಗಲಿ, ಇದು ಸುಳ್ಳಾಗುವುದಿಲ್ಲ.

ನನ್ನ ಮೊಮ್ಮಗಳಿಗೆ ಈಗ ಉತ್ತರಗಳ ಕೊರತೆಯಿಲ್ಲ. ಅಂಗೈಯಗಲದ ಯಂತ್ರವನ್ನು ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೇಳುತ್ತದೆ. ಅವಳನ್ನು ನಾನು ಒಂದು ದಿನ ಗೋಲಗುಮ್ಮಟದ ಪ್ರತಿಧ್ವನಿಯ ವಿಷಯ ಕೇಳಿದೆ. “ಏಳು ಸಲ, ತಾತ” ಎಂದಳು. ನನ್ನ ಚೀಟಿ ಇನ್ನೂ ಬದುಕಿದೆ ಎಂದು ತಿಳಿದುಕೊಂಡೆ.

2019ರ ಚಳಿಗಾಲದಲ್ಲಿ, ನಿವೃತ್ತಿಯಾದ ಎರಡು ವರ್ಷಗಳ ಮೇಲೆ, ನಾನೂ ನನ್ನ ಶ್ರೀಮತಿಯವರೂ ಮೊದಲ ಬಾರಿಗೆ ಆ ಊರಿಗೆ ಹೋದೆವು. ಆ ವೇಳೆಗೆ ಬಿಜಾಪುರ ವಿಜಯಪುರವಾಗಿತ್ತು. ಜನಸಂದಣಿ ಸೇರುವ ಮುನ್ನ ಹೋಗಬೇಕೆಂದು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮೂಲೆಯ ಬುರುಜಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತ ಹತ್ತಿದೆವು. ಒಳಗೆ ಮಬ್ಬುಗತ್ತಲು, ಪಾರಿವಾಳಗಳ ಸದ್ದು ಬಿಟ್ಟರೆ ನಿಶ್ಶಬ್ದ. ನಾನು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಇಬ್ಬರೂ ಬೆರಳು ಮಡಿಸುತ್ತ ಎಣಿಸಿದೆವು. ನನ್ನ ಎಣಿಕೆಗೆ ಎಂಟು ಬಂತು. ಶ್ರೀಮತಿಯವರು ಹತ್ತು ಎಂದರು. ಅವರ ಕಿವಿ ನನ್ನದಕ್ಕಿಂತ ಚುರುಕು. ಮತ್ತೊಮ್ಮೆ ತಟ್ಟೋಣವೆನ್ನುವಷ್ಟರಲ್ಲಿ ಶಾಲೆಯ ಪ್ರವಾಸದ ಮಕ್ಕಳು ಮೇಲೇರಿ ಬಂದು ಕೂಗತೊಡಗಿದರು. ಕೂಗಿನ ಮೇಲೆ ಕೂಗು ಬಿದ್ದು ಎಣಿಸುವುದು ಸಾಧ್ಯವಾಗಲಿಲ್ಲ. ಆ ಗದ್ದಲದಲ್ಲಿ ನಾನು ಕಟಾಂಜನ ಹಿಡಿದು ನಿಂತು, ಈ ಕಟ್ಟಡದ ಮಗ್ಗುಲಲ್ಲಿ ಆ ಹುಡುಗನ ಮನೆ ಯಾವುದಿದ್ದೀತು ಎಂದು ಯೋಚಿಸಿದೆ. ಅವನ ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಈಗ ಅವನಿಗೆ ಐವತ್ತು ಸಮೀಪಿಸಿರಬೇಕು. ಎಲ್ಲಿಯಾದರೂ ಅವನು ಈ ಭಾಷಣವನ್ನು ಕೇಳುತ್ತಿದ್ದರೆ, ಅವನ ತಂಡಕ್ಕೆ ನಾನು ಒಂದು ಅಂಕ ಬಾಕಿಯಿದ್ದೇನೆ.